ಕೌದಿ ಸಿಗಡಿಯ ಊಟದ ಚಿಂತೆ

ವಿಜಯವಾಡದ ನಮ್ಮ ಮನೆಗೆ ಮೊದಲ ಸಲ ಬಂದವರು ಹಾಲ್‌ನಲ್ಲಿರುವ ಗಾಜಿನ ತೊಟ್ಟಿಯ ಮುಂದೆ ನಿಂತು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ರೊಯ್ಯಲಾ? ಮತ್ತೆ ಇಗುರು ಯಾವಾಗ?"

ಅವರ ತಪ್ಪೇನಿಲ್ಲ. ದೇಶದಲ್ಲಿ ಅತಿ ಹೆಚ್ಚು ಸಿಗಡಿ ಬೆಳೆಯುವ ರಾಜ್ಯ ಆಂಧ್ರ. ಏಲೂರು ದಾಟಿದರೆ ರೈಲಿನ ಕಿಟಕಿಯಾಚೆ ಕೆರೆಯೋ ಹೊಂಡವೋ ಗೊತ್ತಾಗದಷ್ಟು ನೀರು ಕಾಣುತ್ತದೆ. ಭೀಮವರಂ ಕಡೆಯವರಿಗೆ ಸಿಗಡಿ ಎಂದರೆ ಬೆಳೆ, ಸಾಲ, ಮಗಳ ಮದುವೆ ಎಲ್ಲವೂ ಹೌದು. ಅಂಥ ನಾಡಿನಲ್ಲಿ ಗದಗ ಕಡೆಯ ಶಾಕಾಹಾರಿಯೊಬ್ಬ ಎರಡೇ ಎರಡು ಸಿಗಡಿಗಳನ್ನು ಅಳಿಯಂದಿರ ಹಾಗೆ ಸಾಕುತ್ತಿದ್ದಾನೆ ಎಂದರೆ ಯಾರಿಗಾದರೂ ನಗು ಬರಬೇಕು.

ನನ್ನವು ಹಾರ್ಲೆಕ್ವಿನ್ ಸಿಗಡಿಗಳು. ಅಮೆರಿಕದ ವಿಜ್ಞಾನಿ ಜೇಮ್ಸ್ ಡ್ವೈಟ್ ಡೇನಾ 1852ರಲ್ಲಿ ಇದಕ್ಕೆ ಹೈಮೆನೊಸೆರಾ ಪಿಕ್ಟಾ ಎಂದು ಹೆಸರಿಟ್ಟ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಹವಳದ ಬಂಡೆಗಳು ಇದರ ತವರು. ಉದ್ದ ಹೆಚ್ಚೆಂದರೆ ಎರಡು ಇಂಚು. ಕೆನೆಬಣ್ಣದ ಮೈಮೇಲೆ ನೀಲಿ ಅಂಚಿನ ದೊಡ್ಡ ದೊಡ್ಡ ಮಚ್ಚೆ, ಹೂವಿನ ಎಸಳಿನಂಥ ಮೀಸೆ, ಊಟದ ತಟ್ಟೆಯಂತೆ ಅಗಲವಾದ ಎರಡು ಕೊಂಡಿ. ಹಾರ್ಲೆಕ್ವಿನ್ ಎಂದರೆ ಇಟಲಿಯ ಹಳೆಯ ನಾಟಕಗಳಲ್ಲಿ ಬಣ್ಣಬಣ್ಣದ ತೇಪೆಯ ಅಂಗಿ ತೊಟ್ಟು ಬರುವ ವಿದೂಷಕ. ನನ್ನ ಮಗಳು ಅದನ್ನು ನೋಡಿದ ಮೊದಲ ದಿನವೇ "ಅಜ್ಜಿಯ ಕೌದಿ ಇದ್ದಂಗ ಐತಿ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಕೌದಿ ಸಿಗಡಿ.

ಈ ಕೌದಿ ಸಿಗಡಿಗೆ ಊಟದಲ್ಲಿ ಒಂದು ಹಟವಿದೆ. ಅದು ತಿನ್ನುವುದು ನಕ್ಷತ್ರ ಮೀನನ್ನು ಮಾತ್ರ. ಒಣ ಆಹಾರ, ಹುಳು, ಪಾಚಿ, ಮೀನಿನ ತುಣುಕು ಯಾವುದನ್ನು ಹಾಕಿದರೂ ಮೂಸಿ ನೋಡುವುದಿಲ್ಲ. ಪರವೂರಿಗೆ ಬಂದ ನಮಗೆ ಊಟದ ಕಷ್ಟ ಹೊಸದಲ್ಲ. ಮೊದಲ ವರ್ಷ ಗೊಂಗೂರ ತಿಂದು ಕಣ್ಣೀರು ಹಾಕಿದವನು ಎರಡನೇ ವರ್ಷ ಅದನ್ನೇ ಬಡಿಸಿಕೊಂಡು ಉಂಡೆ. ಜೋಳದ ರೊಟ್ಟಿ ಸಿಗದ ದಿನ ಪೆಸರಟ್ಟಿನಲ್ಲೇ ಸಮಾಧಾನ ಕಂಡೆ. ಈ ಸಿಗಡಿಗೆ ಆ ದಾರಿಯಿಲ್ಲ. ಹಸಿವಿನಿಂದ ಸತ್ತೀತೇ ಹೊರತು ಬೇರೆ ತಿನ್ನದು. ಇದು ನನಗೆ ಗೊತ್ತಾದದ್ದು ಒಂದು ಸಾವಿನಿಂದ.

ವಿಶಾಖಪಟ್ಟಣದ ಮೊದಲ ಪಾಠ

2016ರಲ್ಲಿ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಬಂದೆವು. ಬಯಲುಸೀಮೆಯವರಿಗೆ ಸಮುದ್ರವೆಂದರೆ ಹುಚ್ಚು. ಭಾನುವಾರವಾದರೆ ಆರ್.ಕೆ. ಬೀಚು, ಅಲ್ಲಿ ಕುರ್ಸುರಾ ಜಲಾಂತರ್ಗಾಮಿ, ಆಮೇಲೆ ಮತ್ಸ್ಯದರ್ಶಿನಿ. ಅಲ್ಲಿನ ಗಾಜಿಗೆ ಮೂಗೊತ್ತಿ ನಿಂತ ಆರು ವರ್ಷದ ಮಗಳು ಮನೆಗೆ ಬಂದು ಹಟ ಹಿಡಿದಳು. 2018ರಲ್ಲಿ ನೂರು ಲೀಟರಿನ ತೊಟ್ಟಿ ಬಂತು.

ಸಮುದ್ರದ ಪಕ್ಕದಲ್ಲೇ ಇದ್ದುಕೊಂಡು ಉಪ್ಪುನೀರಿಗೆ ದುಡ್ಡು ಕೊಡುವುದೇ ಎಂದು ನಾನು ಕ್ಯಾನ್ ಹಿಡಿದು ಬೀಚಿಗೆ ಹೋದೆ. ಮೊದಲ ಕೆಲವು ತಿಂಗಳು ನಡೆಯಿತು. ಮಳೆಗಾಲ ಮುಗಿದ ಮೇಲೆ ಮಾಪಕದಲ್ಲಿ ಉಪ್ಪಿನ ಅಂಶ ಇಳಿಯುತ್ತಾ ಹೋಯಿತು. ಗಂಗೆ, ಮಹಾನದಿಯಂಥ ದೊಡ್ಡ ನದಿಗಳು ಬಂಗಾಳ ಕೊಲ್ಲಿಗೆ ಸುರಿದ ಸಿಹಿನೀರನ್ನು ಆ ಕಾಲದ ಪ್ರವಾಹ ಕರಾವಳಿಗುಂಟ ದಕ್ಷಿಣಕ್ಕೆ ತರುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಜೊತೆಗೆ ಬಂದರಿನ ಎಣ್ಣೆ, ಊರಿನ ಚರಂಡಿ. ದಡದ ನೀರಿನ ಸಹವಾಸ ಬಿಟ್ಟೆ.

2019ರಲ್ಲಿ ಒಂದು ಅಂಗಡಿಯಲ್ಲಿ ಹಾರ್ಲೆಕ್ವಿನ್ ಕಂಡಿತು. ವಿಮಾನದಲ್ಲಿ ಬಂದ ಮಾಲು, ಬೆಲೆ ಕೇಳಿ ಎದೆ ಧಸಕ್ಕೆಂದಿತು. "ಏನು ತಿನ್ನುತ್ತದೆ?" ಎಂದು ಕೇಳಿದೆ. "ಹಾಕಿದ್ದೆಲ್ಲ ತಿನ್ನುತ್ತದೆ ಸಾರ್" ಎಂದ ಅಂಗಡಿಯವನು. ನಾನೂ ಮುಂದೆ ವಿಚಾರಿಸಲಿಲ್ಲ. ಚಂದದ ವಸ್ತು ಕೈಗೆ ಸಿಗುವಾಗ ಮನುಷ್ಯ ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ನಾನು ಹಾಕಿದ್ದನ್ನೆಲ್ಲ ತೊಟ್ಟಿಯ ಬೇರೆ ಮೀನುಗಳು ತಿಂದವು. ಸಿಗಡಿ ಕಲ್ಲಿನ ಮೇಲೆ ನಿಂತು ಕೊಂಡಿ ಆಡಿಸುತ್ತಾ ಇರುತ್ತಿತ್ತು. ನೋಡಿದವರಿಗೆ ಅದು ಕುಣಿಯುತ್ತಿದೆ ಎನ್ನಿಸುತ್ತಿತ್ತು. ನಾವು ವಿಡಿಯೋ ಮಾಡಿ ಊರಿಗೆ ಕಳಿಸಿದೆವು. ಐದನೇ ವಾರ ಬೆಳಿಗ್ಗೆ ಅದು ಕಲ್ಲಿನ ಬುಡದಲ್ಲಿ ಮಗುಚಿ ಬಿದ್ದಿತ್ತು. ಅದು ಏನು ತಿನ್ನುತ್ತದೆ ಎಂದು ನಾನು ಓದಿದ್ದು ಅಂದು ಸಂಜೆ. ಅಂಗಡಿಯವನನ್ನು ಬೈದುಕೊಂಡೆ, ನಿಜ. ಆದರೆ ಐದು ವಾರ ಅದರ ಹಸಿವನ್ನು ಕುಣಿತವೆಂದುಕೊಂಡು ನೋಡಿದವನು ನಾನೇ.

ಸಮುದ್ರವಿಲ್ಲದ ಊರಲ್ಲಿ ಸಮುದ್ರ

2021ರಲ್ಲಿ ವಿಜಯವಾಡಕ್ಕೆ ವರ್ಗವಾಯಿತು. ಇಲ್ಲಿ ಕೃಷ್ಣೆ ಇದ್ದಾಳೆ, ಪ್ರಕಾಶಂ ಬ್ಯಾರೇಜಿದೆ, ಊರ ತುಂಬ ಕಾಲುವೆಗಳಿವೆ. ಸಮುದ್ರಕ್ಕೆ ಮಾತ್ರ ಮಚಲಿಪಟ್ಟಣದ ಕಡೆ ಹೋಗಬೇಕು. ಸಮುದ್ರವನ್ನು ಮನೆಯಲ್ಲೇ ಕಲಸುವುದನ್ನು ಕಲಿತೆ.

ಲೆಕ್ಕ ಕಷ್ಟದ್ದಲ್ಲ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇರಬೇಕು. ತೊಟ್ಟಿ ತುಂಬಿದ ಕೂಡಲೇ ಜೀವ ಬಿಡಬಾರದು. ಕಸದಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಕಲ್ಲಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸದೆ ಕಾಯುವ ಹಾಗೆ ಕಾಯಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ದಿನವೂ ಕಡಿಮೆಯಾದಷ್ಟು ಸಿಹಿನೀರನ್ನೇ ಸೇರಿಸಬೇಕು. ವಿಜಯವಾಡದ ಮೇ ತಿಂಗಳು ಹೇಗಿರುತ್ತದೆಂದು ಇಲ್ಲಿದ್ದವರಿಗೆ ಹೇಳಬೇಕಿಲ್ಲ. ಸಿಗಡಿಗೆ ಬೇಕಾದದ್ದು 24ರಿಂದ 27 ಡಿಗ್ರಿ. ನಮ್ಮ ಮನೆಗೆ ಮೊದಲು ಎಸಿ ಬಂದದ್ದು ಹಾಲ್‌ಗೆ, ಆಮೇಲೆ ಮಲಗುವ ಕೋಣೆಗೆ. ಹೆಂಡತಿ ಈಗಲೂ ಅದನ್ನು ಎತ್ತಿ ಆಡುತ್ತಾಳೆ.

ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಸಿಗಡಿಗೆ ವಿಷ. ಒಂದು ಹನಿಯೂ ಸೇರಕೂಡದು. ಹವಳ ಇಡಬೇಕೆಂಬ ಆಸೆ ಬಂದರೆ ಅದುಮಿಕೊಳ್ಳಿ. ಹವಳ, ಕಡಲ ಕುದುರೆ, ಕಡಲ ಸೌತೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ನಮ್ಮ ತೊಟ್ಟಿಯಲ್ಲಿರುವುದು ಸುಟ್ಟ ಮಣ್ಣಿನ ಕಲ್ಲುಗಳು.

2022ರಲ್ಲಿ ಈ ಜೋಡಿ ಬಂತು. ಈ ಸಲ ಮೊದಲು ಓದಿ, ಆಮೇಲೆ ಕೊಂಡೆ. ಹೆಣ್ಣು ದೊಡ್ಡದು, ಹೊಟ್ಟೆಯ ಕೆಳಗಿನ ತಟ್ಟೆಗಳಲ್ಲಿ ಬಣ್ಣದ ಚುಕ್ಕೆ ಇರುತ್ತದೆ. ಗಂಡು ಸಣ್ಣದು. ಇವು ಜೋಡಿಯಾಗಿ ಬಾಳುವ ಪ್ರಾಣಿಗಳು. 1970ರ ದಶಕದಲ್ಲಿ ಜರ್ಮನಿಯ ವುಲ್ಫ್‌ಗಾಂಗ್ ವಿಕ್ಲರ್ ಮತ್ತು ಉಟಾ ಜೈಬ್ಟ್ ಎಂಬ ವಿಜ್ಞಾನಿಗಳು ಈ ಸಿಗಡಿಗಳ ದಾಂಪತ್ಯವನ್ನೇ ಅಧ್ಯಯನ ಮಾಡಿದ್ದರು. ನಮ್ಮ ಮನೆಯ ಜೋಡಿಯೂ ಒಂದೇ ಕಲ್ಲಿನ ಕೆಳಗೆ, ಒಂದಕ್ಕೊಂದು ಮೀಸೆ ತಾಗುವಷ್ಟು ಹತ್ತಿರ ಇರುತ್ತದೆ.

ಬಂದ ಒಂದು ತಿಂಗಳಿಗೆ ಹೆಂಡತಿ ಆಫೀಸಿಗೆ ಫೋನ್ ಮಾಡಿದಳು. "ರೀ, ಎರಡಿದ್ದದ್ದು ಮೂರಾಗಿದೆ. ಮೂರನೇದು ಸತ್ತುಹೋಗಿದೆ." ಮನೆಗೆ ಬಂದು ನೋಡಿದರೆ ಅದು ಕಳಚಿಟ್ಟ ಚಿಪ್ಪು. ಕಣ್ಣು, ಮೀಸೆ, ಕೊಂಡಿ ಸಮೇತ ಗಾಜಿನ ಗೊಂಬೆಯಂತೆ ನಿಂತಿತ್ತು. ಬೆಳೆಯುವ ಸಿಗಡಿ ಹಳೆಯ ಅಂಗಿ ಬಿಚ್ಚಿಡುತ್ತದೆ. ಹೊಸದು ಗಟ್ಟಿಯಾಗುವವರೆಗೆ ಒಂದೆರಡು ದಿನ ಅಡಗಿ ಕೂರುತ್ತದೆ. ಆಗ ಕಲ್ಲು ಎತ್ತಿ ಹುಡುಕಬಾರದು.

ಕತ್ತರಿಯ ಕೆಲಸ

ಇನ್ನು ಊಟ. ಮಲಗುವ ಕೋಣೆಯ ಮೂಲೆಯಲ್ಲಿ ಎರಡನೆಯ ತೊಟ್ಟಿ ಇಟ್ಟೆ. ಅದರಲ್ಲಿ ನಾಲ್ಕು ನಕ್ಷತ್ರ ಮೀನು, ಮೈಮೇಲೆ ಕಂದು ಗುಬುಟುಗಳಿರುವ ಚಾಕೊಲೇಟ್ ಚಿಪ್ ಜಾತಿ. ನಕ್ಷತ್ರ ಮೀನಿನ ತೋಳು ತುಂಡಾದರೆ ನಿಧಾನವಾಗಿ ಮತ್ತೆ ಬೆಳೆಯುತ್ತದೆ. ಹಾರ್ಲೆಕ್ವಿನ್ ಸಾಕುವವರು ಅನುಸರಿಸುವ ಕ್ರಮ ಇದೇ: ವಾರಕ್ಕೋ ಹತ್ತು ದಿನಕ್ಕೋ ಒಂದು ತೋಳು ಕತ್ತರಿಸಿ ಸಿಗಡಿಗೆ ಹಾಕುವುದು, ಮುಂದಿನ ಸಲ ಬೇರೆ ನಕ್ಷತ್ರದ ತೋಳು.

ಇಡೀ ನಕ್ಷತ್ರವನ್ನೇ ಸಿಗಡಿಗೆ ಕೊಟ್ಟರೆ ನೋಡುವುದು ಇನ್ನೂ ಕಷ್ಟ. ಗಂಡು ಹೆಣ್ಣು ಸೇರಿ ತಮಗಿಂತ ಎಷ್ಟೋ ದೊಡ್ಡ ಪ್ರಾಣಿಯನ್ನು ಮಗುಚಿ ಹಾಕುತ್ತವೆ. ಮಗುಚಿದ ಮೇಲೆ ಅದು ನಡೆಯಲಾರದು. ಆಮೇಲೆ ತೋಳಿನ ತುದಿಯಿಂದ ನಡುಭಾಗದ ಕಡೆಗೆ ತಿನ್ನುತ್ತಾ ಬರುತ್ತವೆ. ನಡುಭಾಗ ಕೊನೆಗೆ. ಅಲ್ಲಿಯವರೆಗೆ ನಕ್ಷತ್ರ ಬದುಕಿಯೇ ಇರುತ್ತದೆ. ಇದರಲ್ಲಿ ಸಿಗಡಿಯ ಕ್ರೌರ್ಯವೇನೂ ಇಲ್ಲ. ಹವಳವನ್ನೇ ತಿಂದು ಬೋಳು ಮಾಡುವ ಮುಳ್ಳುಕಿರೀಟ ನಕ್ಷತ್ರವನ್ನು ಪನಾಮಾದ ಬಂಡೆಗಳಲ್ಲಿ ಈ ಸಿಗಡಿಗಳು ಹೀಗೆಯೇ ತಿನ್ನುವುದನ್ನು ಪೀಟರ್ ಗ್ಲಿನ್ ಎಂಬ ವಿಜ್ಞಾನಿ ದಾಖಲಿಸಿದ್ದಾರೆ. ಸಮುದ್ರದಲ್ಲಿ ಅದು ಅದರ ಕೆಲಸ. ನನ್ನ ಮನೆಯಲ್ಲಿ ಕತ್ತರಿ ಹಿಡಿದವನು ನಾನು.

ನಕ್ಷತ್ರಗಳಿಗೂ ಊಟ ಬೇಕಲ್ಲ. ಅವಕ್ಕೆ ಮಾರುಕಟ್ಟೆಯ ಸಿಗಡಿಯ ಚೂರು. ಮೊಟ್ಟೆಯೂ ಬಾರದ ನಮ್ಮ ಅಡುಗೆಮನೆಯ ಆಚೆ, ಬಾಲ್ಕನಿಯಲ್ಲಿ ಪ್ರತ್ಯೇಕ ಚಾಕು ಮತ್ತು ಮಣೆ ಇಟ್ಟುಕೊಂಡು ನಾನು ಸಿಗಡಿ ಹೆಚ್ಚಿದೆ. ಸಿಗಡಿ ತಿಂದ ನಕ್ಷತ್ರವನ್ನು ಸಿಗಡಿಯೇ ತಿನ್ನುವ ಈ ವ್ಯವಹಾರ ಕೇಳಿ ಊರಿನಿಂದ ಬಂದಿದ್ದ ಅವ್ವ, "ಇದೆಂಥಾ ಸಂಸಾರ ಹಚ್ಚೀಯೋ" ಎಂದು ಹಣೆ ಚಚ್ಚಿಕೊಂಡಳು.

ಕತ್ತರಿಸುವಾಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಸಮಾಧಾನ ಒಂದಿತ್ತು: ಇದಕ್ಕೆ ಮಿದುಳಿಲ್ಲ, ತೋಳು ಮತ್ತೆ ಬರುತ್ತದೆ. ಎರಡೂ ನಿಜ. ಆದರೆ ಮಗಳು ಶಾಲೆಯ ಯಾವುದೋ ಪ್ರಾಜೆಕ್ಟಿಗಾಗಿ ಓದಿ ಇನ್ನೊಂದು ನಿಜ ತಂದಳು. ನಕ್ಷತ್ರ ಮೀನಿನ ಪ್ರತಿ ತೋಳಿನ ತುದಿಯಲ್ಲೂ ಒಂದು ಸಣ್ಣ ಕಣ್ಣಿದೆ. ನೀಲಿ ನಕ್ಷತ್ರ ಮೀನು ಆ ಕಣ್ಣುಗಳಿಂದಲೇ ಬಂಡೆ ಯಾವ ಕಡೆಗಿದೆ ಎಂದು ಕಂಡು ಅತ್ತ ನಡೆಯುತ್ತದೆ ಎಂದು 2014ರಲ್ಲಿ ವಿಜ್ಞಾನಿಗಳು ತೋರಿಸಿದ್ದರು. "ಅಪ್ಪಾ, ನೀನು ಕಟ್ ಮಾಡೋದು ಕಣ್ಣಿರೋ ಕಡೆ" ಎಂದಳು. ನಾನು ಮಾತು ಮರೆಸಿದೆ. ಕತ್ತರಿ ನಿಲ್ಲಲಿಲ್ಲ.

ಬುಡಮೇರು ಬಂದ ಭಾನುವಾರ

2024ರ ಆಗಸ್ಟ್ 31, ಶನಿವಾರ. ಎಡೆಬಿಡದ ಮಳೆ. ಮರುದಿನ ತೊಟ್ಟಿಯ ನೀರು ಬದಲಿಸುವ ದಿನವಾದ್ದರಿಂದ ರಾತ್ರಿಯೇ ಅರವತ್ತು ಲೀಟರ್ ಆರ್‌ಒ ನೀರು ಹಿಡಿದು ಕ್ಯಾನುಗಳಲ್ಲಿಟ್ಟು ಮಲಗಿದೆ. ಉಪ್ಪು ಬೆಳಿಗ್ಗೆ ಕಲಸಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಎದ್ದರೆ ಸಿಂಗ್‌ನಗರದ ನಮ್ಮ ಬೀದಿ ಇರಲಿಲ್ಲ. ಬುಡಮೇರು ಹಳ್ಳ ಉಕ್ಕಿ ಕಾಲನಿಗಳಿಗೆ ನುಗ್ಗಿತ್ತು. ಕೆಳಗೆ ನಿಲ್ಲಿಸಿದ್ದ ಬೈಕುಗಳು ಕಾಣಲಿಲ್ಲ. ನೆಲಮಹಡಿಯ ಎರಡು ಕುಟುಂಬಗಳು ಹಾಸಿಗೆ ಹೊತ್ತುಕೊಂಡು ಮೆಟ್ಟಿಲ ಮೇಲೆ ಕೂತಿದ್ದವು. ನಾವು ಎರಡನೆಯ ಮಹಡಿ. ಕರೆಂಟು ಹೋಗಿತ್ತು, ನಲ್ಲಿ ನಿಂತಿತ್ತು. ಅತ್ತ ಕೃಷ್ಣೆಯಲ್ಲೂ ಮಹಾಪೂರ. ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹರಿಯುತ್ತಿದೆ ಎಂಬ ಸುದ್ದಿ ಫೋನ್ ಚಾರ್ಜು ಮುಗಿಯುವ ಮೊದಲು ಬಂತು.

ಮೊದಲು ನನ್ನ ಕಣ್ಣು ಹೋದದ್ದು ತೊಟ್ಟಿಯ ಕಡೆಗೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಗಾಯಿತು. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲಿನ ಮಗುವೊಂದು ನೀರಿಗೆ ಅಳತೊಡಗಿತು. ಹೆಂಡತಿ ನನ್ನನ್ನು ಕೇಳಲಿಲ್ಲ. ಒಂದು ಕ್ಯಾನು ಎತ್ತಿಕೊಂಡು ಕೆಳಗೆ ಹೋದಳು. ಉಳಿದವನ್ನು ನಾನು ಹೊತ್ತೆ. ಎಂಟು ಮನೆಗಳಿಗೆ ಆ ಅರವತ್ತು ಲೀಟರ್ ಕುಡಿಯುವ ನೀರಾಗಿ ಎರಡು ದಿನ ಬಂತು. ಇಗುರು ಯಾವಾಗ ಎಂದು ಕೇಳುತ್ತಿದ್ದ ಎದುರು ಮನೆಯ ಹಿರಿಯರು ಲೋಟ ಹಿಡಿದು, "ಇದು ನಿಮ್ಮ ರೊಯ್ಯಲ ನೀರಲ್ಲವೇ?" ಎಂದರು. ಯಾರೂ ನಗಲಿಲ್ಲ. ಆಮೇಲೆ ದೋಣಿಗಳು ಬಂದವು, ಡ್ರೋನ್‌ಗಳಲ್ಲಿ ಊಟದ ಪೊಟ್ಟಣಗಳು ಬಂದವು.

ತೊಟ್ಟಿಗಳ ಪಂಪು ನಿಂತು ಹೋಗಿತ್ತು. ನಿಂತ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ನನ್ನ ಬಳಿ ಇದ್ದದ್ದು ಬ್ಯಾಟರಿಯ ಗಾಳಿ ಪಂಪು ಒಂದೇ. ಅದನ್ನು ಸಿಗಡಿಗಳ ತೊಟ್ಟಿಗೆ ಇಳಿಬಿಟ್ಟೆ. ಹನ್ನೆರಡು ವರ್ಷದ ಮಗಳು ಕತ್ತಲಲ್ಲಿ ನಿಂತು ಕೇಳಿದಳು: "ಅವಕ್ಕೆ?"

"ಅವು..." ಎಂದು ನಾನು ನಿಲ್ಲಿಸಿದೆ.

"ಅವು ಊಟ ಅಂತ ಬ್ಯಾಡ ಏನು?"

ನನ್ನ ಬಳಿ ಉತ್ತರವಿರಲಿಲ್ಲ. ಆ ರಾತ್ರಿಯಿಂದ ಪಂಪನ್ನು ಗಂಟೆಗೊಮ್ಮೆ ಈ ತೊಟ್ಟಿಯಿಂದ ಆ ತೊಟ್ಟಿಗೆ ಬದಲಿಸಿದೆವು. ಪಂಪಿಲ್ಲದ ತೊಟ್ಟಿಯ ನೀರನ್ನು ಚೊಂಬಿನಲ್ಲಿ ಎತ್ತಿ ಎತ್ತರದಿಂದ ಸುರಿದೆವು, ಕಾದ ಹಾಲು ಆರಿಸುವ ಹಾಗೆ. ಸರದಿಯ ಮೇಲೆ ಮೂವರೂ ಎದ್ದಿದ್ದೆವು. ಎರಡು ಸಣ್ಣ ಸಿಗಡಿಗಳ ಉಸಿರಿಗೆ ಬೇಕಾದದ್ದು ಕಡಿಮೆ, ಅವು ತಡೆದುಕೊಂಡವು. ನಕ್ಷತ್ರಗಳ ತೊಟ್ಟಿ ಚಿಕ್ಕದು, ಜೀವಗಳು ದೊಡ್ಡವು. ನಾಲ್ಕನೆಯ ದಿನ ಎರಡು ನಕ್ಷತ್ರಗಳು ಮೆತ್ತಗಾಗಿ ಕರಗತೊಡಗಿದವು. ಎತ್ತಿ ಹಾಕಿದೆ. ಐದನೆಯ ದಿನ ಕರೆಂಟು ಬಂತು.

ಬೀದಿಯ ಕೆಸರು ತೆಗೆಯಲು ವಾರಗಟ್ಟಲೆ ಹಿಡಿಯಿತು. ನಮ್ಮ ನೆರೆಯವರು ಕಳೆದುಕೊಂಡದ್ದರ ಮುಂದೆ ಎರಡು ನಕ್ಷತ್ರ ಮೀನಿನ ಲೆಕ್ಕ ಏನೂ ಅಲ್ಲ. ಆದರೂ ಉಳಿದೆರಡರ ಮೇಲೆ ಕತ್ತರಿ ಆಡಿಸಲು ಆಮೇಲೆ ಕೈ ಬರಲಿಲ್ಲ. ಅವುಗಳ ಜೀವ ಉಳಿಸಲು ರಾತ್ರಿಯೆಲ್ಲ ಚೊಂಬು ಹಿಡಿದು ಕೂತಿದ್ದ ಮಗಳ ಎದುರು ಹೇಗೆ ಕತ್ತರಿಸಲಿ? ಇತ್ತ ಸಿಗಡಿಗಳು ಊಟವಿಲ್ಲದೆ ಎರಡು ವಾರವಾಗಿತ್ತು. ಗಂಡು ಕಲ್ಲಿನ ಮೇಲೆ ನಿಂತು ಕೊಂಡಿ ಆಡಿಸುತ್ತಿತ್ತು. ಆ ಕುಣಿತ ಏನೆಂದು ಈಗ ನನಗೆ ಗೊತ್ತಿತ್ತು.

ಬಂದರಿನಿಂದ ಬಂದ ಪೆಟ್ಟಿಗೆ

ವಿಶಾಖಪಟ್ಟಣದಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಕಾರವಾರದ ಕಡೆಯವನು, ಮೀನಿಲ್ಲದೆ ಊಟ ಮಾಡದವನು. ಫೋನಿನಲ್ಲಿ ಗೋಳು ಹೇಳಿಕೊಂಡೆ. ಅವನು ನಕ್ಕ. "ಮೀನುಗಾರಿಕಾ ಬಂದರಿಗೆ ಬೆಳಗಿನ ಜಾವ ಬಾ ಮಾರಾಯ. ಟ್ರಾಲರ್ ಬಲೆಯ ಕಸದಲ್ಲಿ ನಕ್ಷತ್ರ ಮೀನು ಬಿದ್ದಿರುತ್ತವೆ. ಯಾರೂ ಮುಟ್ಟುವುದಿಲ್ಲ."

ಎಂಟು ವರ್ಷ ಈ ಕರಾವಳಿಯಲ್ಲಿ ಕಳೆದರೂ ನನಗೆ ಹೊಳೆಯದ ಸಂಗತಿ ಅದು. ತಳ ಬಳಿಯುವ ಬಲೆಯಲ್ಲಿ ಬೇಡದ ಜೀವಿಗಳು ರಾಶಿಗಟ್ಟಲೆ ಬರುತ್ತವೆ. ಸಣ್ಣ ಮೀನು ಮೀನುಹಿಟ್ಟಿಗೆ ಹೋಗುತ್ತದೆ, ಉಳಿದದ್ದು ಬಿಸಾಡಿದ ಮಾಲು. ಸತ್ತ ನಕ್ಷತ್ರವನ್ನು ಕೂಡಲೇ ತೊಳೆದು ಶೀತಲೀಕರಿಸಿದರೆ ಅದರ ತೋಳನ್ನೂ ಹಾರ್ಲೆಕ್ವಿನ್ ತಿಂದೀತು ಎಂದು ಓದಿದ್ದೆ; ನಂಬಿರಲಿಲ್ಲ.

ಬೆಳಗಿನ ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದು ಹೋದೆ. ಸುಮಾರು 350 ಕಿಲೋಮೀಟರ್, ಆರು ತಾಸು. ಗೆಳೆಯ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸಿನ ನಡುವೆ ಆರು ನಕ್ಷತ್ರ ಇಟ್ಟುಕೊಂಡು ನಿಲ್ದಾಣದಲ್ಲೇ ಕಾದಿದ್ದ. ಡೀಸೆಲ್ ವಾಸನೆ ಬಂದದ್ದನ್ನು ಬಿಟ್ಟಿದ್ದ. ಮರಳಿನಲ್ಲಿ ಹೂತುಕೊಳ್ಳುವ ಚಪ್ಪಟೆ ಜಾತಿಗಳನ್ನೂ ಬಿಟ್ಟಿದ್ದ; ಅವುಗಳಲ್ಲಿ ಕೆಲವಕ್ಕೆ ಮೈಯಲ್ಲೇ ವಿಷವಿರುತ್ತದೆ. ಅದೇ ರೈಲು ವಾಪಸು ಹೊರಟಾಗ ಅದರಲ್ಲೇ ಹಿಂದಿರುಗಿದೆ.

ಮೊದಲ ತೋಳನ್ನು ಉಪ್ಪುನೀರಿನಲ್ಲಿ ಕರಗಿಸಿ ಕಲ್ಲಿನ ಬಳಿ ಇಟ್ಟೆ. ಆ ರಾತ್ರಿ ಮುಟ್ಟಲಿಲ್ಲ. ಮರುದಿನ ತೆಗೆದು ಹೊಸದು ಇಟ್ಟೆ. ಮೂರನೆಯ ದಿನ ಬೆಳಿಗ್ಗೆ ಹೆಣ್ಣು ಬಂದು ಮೀಸೆಯಿಂದ ಸವರಿ, ಕೊಂಡಿಯಿಂದ ಮಗುಚಿ ನೋಡಿ, ಕಲ್ಲಿನ ಕೆಳಗೆ ಎಳೆದುಕೊಂಡು ಹೋಯಿತು. ಹಿಂದಿನಿಂದ ಗಂಡೂ ಹೋಯಿತು. ಮಗಳನ್ನು ಎಬ್ಬಿಸಿದೆ. ಮೂವರೂ ಹಲ್ಲುಜ್ಜದೆ ತೊಟ್ಟಿಯ ಮುಂದೆ ಕೂತೆವು.

ಆರು ನಕ್ಷತ್ರಕ್ಕೆ ಮೂವತ್ತು ತೋಳು. ವಾರಕ್ಕೊಂದರಂತೆ ಆರೇಳು ತಿಂಗಳ ದಿನಸಿ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಿರುವುದರಿಂದ ಮಾರ್ಚಿನೊಳಗೆ ಒಂದು ಸಲ ತಂದಿಟ್ಟುಕೊಳ್ಳಬೇಕು. ಬಲೆಯ ಕಸವೂ ಒಂದು ಕೊಲೆಯ ಫಲವೇ, ನನಗೆ ಗೊತ್ತು. ನನಗಾಗಿ ಇನ್ನೊಂದು ಸಾಯುತ್ತಿಲ್ಲ ಎಂಬಷ್ಟೇ ನೆಮ್ಮದಿ.

ಕೊಳ್ಳುವ ಮೊದಲು

ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿರುವ ನಮ್ಮವರು ಅಂಗಡಿಯ ಗಾಜಿನ ಹಿಂದೆ ಈ ಸಿಗಡಿಯನ್ನು ಕಂಡು ಮರುಳಾಗುವುದು ಸಹಜ. ನನ್ನ ಮಾತು ಇಷ್ಟೇ. ಬೆಲೆ ಕೇಳುವ ಮೊದಲು ಊಟ ಕೇಳಿ. ಉತ್ತರವನ್ನು ಇನ್ನೊಂದು ಕಡೆ ಪರೀಕ್ಷಿಸಿ. ವಾರಕ್ಕೊಂದು ತೋಳಿನಂತೆ ವರ್ಷಗಟ್ಟಲೆ ಒದಗಿಸುವ ದಾರಿ ಮೊದಲು ಸಿದ್ಧವಾಗಲಿ, ಸಿಗಡಿ ಆಮೇಲೆ ಬರಲಿ. ತಂದ ದಿನ ಚೀಲದ ನೀರಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದೆರಡು ತಾಸು ಸೇರಿಸಿ ಒಗ್ಗಿಸಿ. ತಿನ್ನದೆ ಉಳಿದ ತೋಳನ್ನು ಒಂದು ದಿನಕ್ಕಿಂತ ಹೆಚ್ಚು ನೀರಿನಲ್ಲಿ ಬಿಡಬೇಡಿ. ಕರೆಂಟು ಹೋದಾಗ ನಡೆಯುವ ಗಾಳಿ ಪಂಪು ಎಷ್ಟು ತೊಟ್ಟಿಯಿದೆಯೋ ಅಷ್ಟು ಇರಲಿ. ಇದೆಲ್ಲ ಆಗದಿದ್ದರೆ ಅಂಗಡಿಯಲ್ಲೇ ನೋಡಿ ಸಂತೋಷಪಟ್ಟು ಮನೆಗೆ ಬನ್ನಿ. ನಾನು ಆ ಮೊದಲನೆಯದನ್ನು ಅಲ್ಲೇ ಬಿಟ್ಟು ಬರಬೇಕಿತ್ತು.

ಉಳಿದ ಎರಡು ನಕ್ಷತ್ರಗಳು ಈಗಲೂ ಮಲಗುವ ಕೋಣೆಯ ತೊಟ್ಟಿಯಲ್ಲಿವೆ. ಅವು ಇನ್ನು ಯಾರ ಊಟವೂ ಅಲ್ಲ, ಸುಮ್ಮನೆ ಮನೆಯವು. ಕತ್ತರಿಸಿದ ತೋಳು ಮೊದಲು ಕಡಲೆಕಾಳಿನಷ್ಟು ಮೂಡಿ, ಈಗ ಬೆರಳುದ್ದ ಆಗಿದೆ.

ವಿಜಯವಾಡದ ಕಡೆ ಬಂದರೆ ಮನೆಗೆ ಬನ್ನಿ. ಹುಬ್ಬಳ್ಳಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ಇಲ್ಲಿಗೇ. ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇರುತ್ತದೆ. ಹೆಂಡತಿ ಮೈಸೂರಿನವಳಾದ್ದರಿಂದ ಫ್ರೀಜರಿನಲ್ಲಿ ಹಿದಕಿದ ಅವರೆಬೇಳೆಯ ಡಬ್ಬಿಯೂ ಇದೆ. ಅದರ ಪಕ್ಕದಲ್ಲೇ ಇನ್ನೊಂದು ಡಬ್ಬಿಯಿದೆ. ತೆಗೆಯುವ ಮೊದಲು ದಯವಿಟ್ಟು ಒಂದು ಮಾತು ಕೇಳಿ.